ಒಳ್ಳೆಯ ಸುದ್ದಿಗೆ ಹೆದರಿದ ಮಳೆಗಾಲ

ಕೋರಾ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಮಗ್ಗದಿಂದ ಆಗಷ್ಟೇ ಇಳಿದ, ಇನ್ನೂ ಬಿಳುಪು ಮಾಡದ ಹತ್ತಿ ಬಟ್ಟೆ ಅದು. ಹಳಸಿದ ಗಂಜಿ, ಯಂತ್ರದ ಎಣ್ಣೆ, ಒದ್ದೆ ಹತ್ತಿಧೂಳು ಮೂರೂ ಸೇರಿದ ವಾಸನೆ. ಕಳೆದ ತಿಂಗಳು ರಾಣೆಬೆನ್ನೂರಿನ ಗೋದಾಮೊಂದಕ್ಕೆ ಬೆಂಕಿ ಬಿದ್ದ ವರದಿಗೆ ಹೋಗಿದ್ದಾಗ, ಸುಡದೆ ಉಳಿದ ಮೂಲೆಯಲ್ಲಿ ಅದು ಮೂಗಿಗೆ ಬಡಿಯಿತು. ಜೊತೆಗಿದ್ದ ಛಾಯಾಗ್ರಾಹಕ ಏನೋ ಕೇಳುತ್ತಿದ್ದ. ನನ್ನ ಕಣ್ಣ ಮುಂದೆ ಇದ್ದದ್ದು ಕೊಯಮತ್ತೂರಿನ ಅಂಚಿನ ತುಡಿಯಲೂರಿನ ಒಂದು ಹಿಂಬದಿ ಬೀದಿ, ತಮಿಳರ ಐಪ್ಪಸಿ ತಿಂಗಳ ಹಿಂಗಾರು ಮಳೆ, ಶೆಡ್ಡಿನ ಶೀಟಿನ ಮೇಲೆ ನೆನೆಯುತ್ತ ಕೂತ ನವಿಲು, ಅದರ ಕೆಳಗೆ ಎರಡು ಮಗ್ಗಗಳ ನಡುವಿನ ಓಣಿಯಲ್ಲಿ ಅಲುಗಾಡದೆ ನಿಂತ ನಂಜಪ್ಪ.

ಆಗ ನಾನು ಕೊಯಮತ್ತೂರಿನ ಇಂಗ್ಲಿಷ್ ಪತ್ರಿಕೆಯೊಂದರ ಕಚೇರಿಯಲ್ಲಿದ್ದೆ. ದಾವಣಗೆರೆ ಕಡೆಯವನು, ತಮಿಳು ಇನ್ನೂ ಬಾಯಿಗೆ ಬಂದಿರಲಿಲ್ಲ. ಮನೆಯವರು ಕನ್ನಡ ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ನಂಜಪ್ಪ, ಸರೋಜಕ್ಕ ದಂಪತಿಯ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಅವರದು ತಲೆಮಾರುಗಳ ಹಿಂದೆ ಅನ್ನೂರಿನ ಬಯಲಿಗೆ ಬಂದು ನೆಲೆಸಿದ ಬೇಸಾಯದ ಮನೆತನ. ನಂಜಪ್ಪನವರ ತಂದೆ ಹೊಲ ಬಿಟ್ಟು ತುಡಿಯಲೂರಿಗೆ ಬಂದು ಮಗ್ಗ ಹಾಕಿದ್ದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ತರಿಸುತ್ತಿದ್ದ ಕನ್ನಡ ವಾರಪತ್ರಿಕೆಯನ್ನು ಸರೋಜಕ್ಕ ಚಿತ್ರ ನೋಡಲು ಮಾತ್ರ ತಿರುವಿ ಹಾಕುತ್ತಿದ್ದರು.

"ನೀವು ಮಾತಾಡೋದೂ ಕನ್ನಡ ತಾನೇ ತಂಬಿ?" ಎಂದು ಮೊದಲ ವಾರವೇ ಕೇಳಿದ್ದರು. "ಮತ್ತೆ ಯಾಕೆ ಟಿವೀಲಿ ನ್ಯೂಸ್ ಓದೋ ಮಾದರಿ ಅದೆ?"

"ನಿಮ್ಮದು ತಮಿಳಿನ ಹಾಗೆ ಕೇಳಿಸುತ್ತಲ್ಲ ಅಕ್ಕಾ."

"ನಮ್ದು ಮನೆ ಕನ್ನಡ. ನಿಮ್ದು ಆಫೀಸ್ ಕನ್ನಡ. ಬುಡಿ, ಕಾಪಿ ಕುಡೀರಿ."

ನಂಜಪ್ಪನವರು ಈ ಮಾತಿಗೆ ನಕ್ಕಿದ್ದರು ಎಂದು ನನಗೆ ಗೊತ್ತಾದದ್ದು ಅವರ ಭುಜ ಅಲುಗಿದ್ದರಿಂದ. ಮುಖ ಹಾಗೇ ಇತ್ತು. ನಗು ಬಂದರೂ ಮುಖಕ್ಕೆ ಸುದ್ದಿ ತಲುಪುತ್ತಿರಲಿಲ್ಲ. ಅರವತ್ತರ ಆಸುಪಾಸಿನ ಗಟ್ಟಿ ಆಳು, ಅಗಲ ಅಂಗೈ. ಆದರೆ ದನಿ ಸಣ್ಣದಾಗಿತ್ತು, ಹೆಜ್ಜೆ ಗಿಡ್ಡವಾಗಿತ್ತು. ಬಡಾವಣೆಯ ವೈದ್ಯರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಕೈ ನಡುಗುವ ಕಾಯಿಲೆ ಎಂದಷ್ಟೇ ಬೀದಿಯವರಿಗೆ ಗೊತ್ತಿದ್ದ ರೋಗ. ವಿಚಿತ್ರವೆಂದರೆ ನಂಜಪ್ಪನವರ ಕೈ ನಡುಗುತ್ತಿರಲಿಲ್ಲ. ಅವರು ಬೀಳುತ್ತಿದ್ದರು. ಎಡವಿ ಮುಂದಕ್ಕಲ್ಲ, ಗೋಡೆಗೆ ಒರಗಿಸಿಟ್ಟ ಹಲಗೆ ಉರುಳುವ ಹಾಗೆ, ನಿಂತಲ್ಲಿಂದಲೇ ಹಿಂದಕ್ಕೆ.

ಮನೆಯ ಹಿಂದೆಯೇ ಶೆಡ್ಡು. ಅಲ್ಲಿ ಹಳೆಯ ವಿದ್ಯುತ್ ಮಗ್ಗಗಳ ಎರಡು ಸಾಲು. ಮಗ್ಗ ಓಡುವಾಗ ಅದರ ಪಕ್ಕದ ಮರದ ಕೋಲು ಲಾಳಿಯನ್ನು ಹೊಡೆಯುತ್ತ ಆ ಕಡೆ ಈ ಕಡೆ ಬೀಸುತ್ತಲೇ ಇರುತ್ತದೆ. ಸಾಲುಗಳ ನಡುವಿನ ಓಣಿ ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ. ಆ ಓಣಿಯಲ್ಲಿ ನಂಜಪ್ಪ ಹಿಂದಕ್ಕೆ ಬಿದ್ದರೆ ಏನಾಗುತ್ತದೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸರೋಜಕ್ಕ ಶೆಡ್ಡಿನ ಬಾಗಿಲಲ್ಲಿ ಅಕ್ಕಿ ಆರಿಸುವ ನೆಪ ಮಾಡಿ ಕೂರುತ್ತಿದ್ದರು. ಮೊರದಲ್ಲಿ ದಿನವೂ ಅದೇ ಅಕ್ಕಿ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಗಳು ಶಾಂತಿ ಭಾನುವಾರ ಬಂದಾಗೆಲ್ಲ ಜಗಳ ಆಡುತ್ತಿದ್ದಳು. "ತರಿ ಎಲ್ಲಾನೂ ಮಾರಿಬಿಡಪ್ಪಾ. ಕಬ್ಬಿಣದೋನಿಗೆ ಹಾಕು." ತರಿ ಎಂದರೆ ಅವರ ಮಾತಿನಲ್ಲಿ ಮಗ್ಗ.

"ನನ್ನೂ ಸೇರಿಸಿ ಹಾಕು. ತೂಕ ಬರ್ತದೆ," ಎನ್ನುತ್ತಿದ್ದರು ನಂಜಪ್ಪ.

ಒಂದು ವಿಷಯದಲ್ಲಿ ಮಾತ್ರ ಅವರ ಮೈ ಹಳೆಯ ಮೈಯಾಗಿಯೇ ಉಳಿದಿತ್ತು. ಕಾಫಿ ಲೋಟಕ್ಕೆ ಕೈ ಚಾಚಲು ಯೋಚಿಸಿ ಯೋಚಿಸಿ ಹೊರಡುತ್ತಿದ್ದ ಮನುಷ್ಯ, ನೂಲು ಹರಿದು ಮಗ್ಗವೊಂದು ನಿಂತರೆ ಸಾಕು, ಸಟಕ್ಕನೆ ತಲೆ ಎತ್ತಿ ಆ ಕಡೆ ನೋಡುತ್ತಿದ್ದರು. ಅಷ್ಟು ಗದ್ದಲದಲ್ಲಿ ಒಂದು ಮಗ್ಗದ ಸದ್ದು ಕಡಿಮೆಯಾದದ್ದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಮಗ್ಗದ ಮನೆಗಳಲ್ಲಿ ಹುಟ್ಟಿದವರಿಗೆ ಸದ್ದು ಎಂದರೆ ನೆಮ್ಮದಿ, ಮೌನ ಎಂದರೆ ಏನೋ ಹರಿದಿದೆ ಎಂದು ಅರ್ಥ.

ಆ ವರ್ಷ ಮಳೆ ಶುರುವಾಗುವ ಮೊದಲು ನಾನೊಂದು ಸಣ್ಣ ವರದಿ ಬರೆದೆ. ನಗರದ ಆಸ್ಪತ್ರೆಯೊಂದರಲ್ಲಿ ಪಾರ್ಕಿನ್ಸನ್ ರೋಗಿಗಳ ಮೆದುಳನ್ನು ಹೊಸ, ಹೆಚ್ಚು ಶಕ್ತಿಯ ಎಂಆರ್‌ಐ ಯಂತ್ರದಲ್ಲಿ ಚಿತ್ರ ತೆಗೆದು ಅಧ್ಯಯನ ಮಾಡುತ್ತಿದ್ದಾರೆ, ರೋಗಿಗಳು ಬೇಕಾಗಿದ್ದಾರೆ ಎಂಬ ವಿಷಯ. ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ನಸೀಮಾ ಹಾಸನದವರು. ಮಧ್ಯಮಿದುಳಿನಲ್ಲಿ ಕಪ್ಪು ಬಣ್ಣದ ಒಂದು ಕಿರು ಪಟ್ಟಿ ಇದೆ, ದೇಹದ ಚಲನೆಗೆ ಬೇಕಾದ ರಾಸಾಯನಿಕ ತಯಾರಾಗುವುದು ಅಲ್ಲಿ, ಆ ಬಣ್ಣ ಮಾಸುವುದನ್ನು ಹಳೆಯ ಯಂತ್ರಗಳು ಹಿಡಿಯುತ್ತಿರಲಿಲ್ಲ, ಇದು ಹಿಡಿಯುತ್ತದೆ ಎಂದು ವಿವರಿಸಿದ್ದರು. ನಾನು ಅದನ್ನು ಊಟದ ಹೊತ್ತಿಗೆ ಸರೋಜಕ್ಕನಿಗೆ ಹೇಳಿದೆ. ಅವರು ಸಾರಿನ ಸೌಟು ಹಿಡಿದುಕೊಂಡೇ ಕೇಳಿದರು: "ಒಳಗೆ ಏನಾಗದೆ ಅಂತ ಪಟ ಹಿಡಿದು ತೋರಿಸ್ತಾರಾ?"

ಹೀಗೆ ನಾವು ಮೊದಲ ಸಲ ಹೋದೆವು. ನಸೀಮಾ ನಂಜಪ್ಪನವರನ್ನು ನಡೆಸಿದರು, ಕೂರಿಸಿದರು, ಎಬ್ಬಿಸಿದರು, ಹಿಂದೆ ನಿಂತು ಭುಜ ಹಿಡಿದು ಸಣ್ಣಗೆ ಎಳೆದರು. ಎಳೆದ ಕೂಡಲೇ ಅವರು ಡಾಕ್ಟರ ಮೇಲೆಯೇ ಒರಗಿಬಿಟ್ಟರು. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು.

"ಇದು ಎರಡರಲ್ಲಿ ಒಂದು ಇರಬಹುದು. ಒಂದು, ಎಲ್ಲರಿಗೂ ಗೊತ್ತಿರುವ ಪಾರ್ಕಿನ್ಸನ್. ವಾಸಿ ಆಗಲ್ಲ, ಆದರೆ ಮಾತ್ರೆಗೆ ಬಗ್ಗುತ್ತೆ. ವರ್ಷಗಟ್ಟಲೆ ಓಡಾಡಿಕೊಂಡು ಇರಬಹುದು. ಇನ್ನೊಂದು ಅದರ ಹಾಗೇ ಕಾಣುವ ಬೇರೆ ಕಾಯಿಲೆ. ಅದು ಮಾತ್ರೆಗೆ ಬಗ್ಗಲ್ಲ. ಬೇಗ ಮುಂದುವರಿಯುತ್ತೆ. ಬೀಳೋದು, ಕಣ್ಣು ಆಡದೆ ಇರೋದು, ನುಂಗೋದು ಕಷ್ಟ ಆಗೋದು. ಯಾವುದು ಅಂತ ತಿಳಿಯಲು ಸ್ಕ್ಯಾನ್ ಸಹಾಯ ಮಾಡುತ್ತೆ. ಅಧ್ಯಯನಕ್ಕೆ ಸೇರಿದರೆ ನನಗೆ ತಿಳಿದದ್ದನ್ನು ನಿಮಗೆ ಹೇಳುತ್ತೇನೆ. ಬೇಡ ಅಂದರೆ ಹೇಳಲ್ಲ."

ಸರೋಜಕ್ಕ ಗಂಡನ ಮುಖ ನೋಡಿದರು. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ.

"ಹೇಳಿ ಅಮ್ಮಣಿ," ಎಂದರು ನಂಜಪ್ಪ. "ಯಾವ ನೂಲು ಹರಿದದ್ದು ಅಂತ ಗೊತ್ತಾದ್ರೆ ತಾನೇ ಗಂಟು ಹಾಕೋದು."

ವರದಿಯ ಮುಂದುವರಿದ ಭಾಗಕ್ಕೆಂದು ನಾನು ಇನ್ನೊಂದು ದಿನ ನಸೀಮಾರನ್ನು ಭೇಟಿಯಾಗಿ, ಚಿತ್ರದಲ್ಲಿ ಏನನ್ನು ಹುಡುಕುತ್ತೀರಿ ಎಂದು ಕೇಳಿದೆ. ಅವರು ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಗೀಚಿ ತೋರಿಸಿದರು. ಪಾರ್ಕಿನ್ಸನ್ ಆದರೆ ಕಪ್ಪು ಪಟ್ಟಿ ಮಾಸುತ್ತದೆ, ಮಧ್ಯಮಿದುಳಿನ ಆಕಾರ ಹೆಚ್ಚು ಕಮ್ಮಿ ಹಾಗೇ ಇರುತ್ತದೆ. ಇನ್ನೊಂದಾದರೆ ಮಧ್ಯಮಿದುಳೇ ಸವೆಯುತ್ತದೆ. ಪಕ್ಕದಿಂದ ನೋಡಿದರೆ ದುಂಡು ಹೊಟ್ಟೆ, ತೆಳ್ಳಗಿನ ತಲೆ, ಉದ್ದ ಕೊಕ್ಕು. ಹೂವಿನಿಂದ ಜೇನು ಹೀರುವ ಹಕ್ಕಿಯ ಹಾಗೆ.

"ಸೂರಕ್ಕಿ?" ಎಂದೆ.

"ಹೆಚ್ಚು ಕಮ್ಮಿ. ಒಮ್ಮೆ ನೋಡಿದರೆ ಮರೆಯಲ್ಲ ನೀವು."

ಆ ಚಿತ್ರವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ವರದಿಗೂ ಅದು ಬೇಕಾಗಲಿಲ್ಲ.

ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮೊದಲು ಕೆಲವು ಪರೀಕ್ಷೆಗಳಿದ್ದವು. ಅವುಗಳಲ್ಲಿ ಒಂದು ವಾಸನೆಯದು. ಸಣ್ಣ ಸೀಸೆಗಳನ್ನು ಒಂದೊಂದಾಗಿ ಮೂಗಿನ ಕೆಳಗೆ ಹಿಡಿಯುತ್ತಾರೆ, ಕಣ್ಣು ಮುಚ್ಚಿಕೊಂಡು ಏನೆಂದು ಹೇಳಬೇಕು. ನಂಜಪ್ಪ ನಿಧಾನವಾಗಿ, ತಪ್ಪಿಲ್ಲದೆ ಹೇಳುತ್ತ ಹೋದರು. ಮಲ್ಲಿಗೆ. ಕರ್ಪೂರ. ನಿಂಬೆ. ಕಾಫಿಯ ಸೀಸೆ ಬಂದಾಗ ಸ್ವಲ್ಪ ಹೊತ್ತು ತೆಗೆದುಕೊಂಡರು.

"ಕಾಪಿ," ಎಂದರು. "ಚಿಕೋರಿ ಜಾಸ್ತಿ."

ಪರೀಕ್ಷೆ ಮಾಡುತ್ತಿದ್ದ ಹುಡುಗಿ ನಕ್ಕುಬಿಟ್ಟಳು. ಸರೋಜಕ್ಕನ ಮುಖ ಅರಳಿತು. "ಮನೇಲೂ ಹಂಗೇ ಕಣಮ್ಮಾ. ರಸಕ್ಕೆ ಪೆರುಂಗಾಯ, ಅದೇ ಇಂಗು, ಒಂದು ಚಿಟಿಕೆ ಕಮ್ಮಿ ಆದ್ರೆ ತಟ್ಟೆ ಮುಟ್ಟಲ್ಲ. ಮೂಗಿಗೆ ಒಂದು ಕಾಯಿಲೇನೂ ಇಲ್ಲ ಇವ್ರಿಗೆ." ದಾರಿಯಲ್ಲಿ ಆಟೋ ನಿಲ್ಲಿಸಿ ಮೈಸೂರು ಪಾಕು ಕಟ್ಟಿಸಿಕೊಂಡರು. ಶಾಂತಿಗೆ ಫೋನಿನಲ್ಲಿ ಆಟೋದವನಿಗೂ ಕೇಳಿಸುವ ಹಾಗೆ, "ಅಪ್ಪ ಪಾಸು!" ಎಂದು ಕೂಗಿದರು.

ಆ ಸಂಜೆ ನಾನು ಕಚೇರಿಯಿಂದ ನಸೀಮಾರಿಗೆ ಕರೆ ಮಾಡಿದೆ. ವಾಸನೆ ಸರಿಯಾಗಿ ಗೊತ್ತಾದದ್ದು ಒಳ್ಳೆಯದಲ್ಲವೇ ಎಂದು ಕೇಳಿದೆ.

"ಮಾಮೂಲಿ ಪಾರ್ಕಿನ್ಸನ್‌ನಲ್ಲಿ ಹೆಚ್ಚಿನವರಿಗೆ ವಾಸನೆ ಮೊದಲೇ ಹೋಗಿರುತ್ತೆ," ಎಂದರು. "ಕೈಕಾಲು ಹಿಡಿಯೋಕೆ ಎಷ್ಟೋ ವರ್ಷ ಮೊದಲೇ. ಇನ್ನೊಂದರಲ್ಲಿ ಸಾಮಾನ್ಯವಾಗಿ ಉಳಿದುಕೊಂಡಿರುತ್ತೆ."

"ಅಂದರೆ?"

"ಅಂದರೆ ಏನೂ ತೀರ್ಮಾನ ಅಲ್ಲ. ಆದರೆ ಒಳ್ಳೆಯದು ಅಂತ ನಾನು ಹೇಳಲಾರೆ."

ಮನೆಗೆ ಬಂದಾಗ ನನ್ನ ಪಾಲಿನ ಮೈಸೂರು ಪಾಕು ಮೆಟ್ಟಿಲ ಮೇಲೆ ಮುಚ್ಚಿಟ್ಟಿತ್ತು. ತಿಂದೆ. ಸುದ್ದಿಮನೆಯಲ್ಲಿ ಕೆಟ್ಟ ಸುದ್ದಿಗೆ ಮುಖ ಬದಲಿಸದೆ ಇರುವುದು ಅಭ್ಯಾಸವಾಗಿರುತ್ತದೆ. ಒಳ್ಳೆಯ ಸುದ್ದಿ ಕೇಳಿ ಕೈ ತಣ್ಣಗಾಗುವುದಕ್ಕೆ ಅಭ್ಯಾಸ ಇರುವುದಿಲ್ಲ.

ಐಪ್ಪಸಿಯ ಮಳೆ ಹಿಡಿದುಕೊಂಡಿತು. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಮೋಡ, ಸಂಜೆಗೆ ಗುಡುಗು. ಗುಡುಗಿದರೆ ಕರೆಂಟು ಹೋಗುತ್ತಿತ್ತು, ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಆಗ ನಂಜಪ್ಪ ಎಲ್ಲೇ ಇರಲಿ, ತಲೆ ಎತ್ತುತ್ತಿದ್ದರು. ಆ ತಿಂಗಳಲ್ಲಿ ಅವರು ಅಂಗಳದಲ್ಲಿ ಒಮ್ಮೆ, ಬಚ್ಚಲ ಬಾಗಿಲಲ್ಲಿ ಒಮ್ಮೆ ಬಿದ್ದರು. ಎರಡನೆಯ ಸಲ ತಲೆಯ ಹಿಂಭಾಗ ಒಡೆಯಿತು. ಮೆಟ್ಟಿಲು ಇಳಿಯುವಾಗ ಅವರು ಕಾಲಿನಿಂದ ಮೆಟ್ಟಿಲನ್ನು ತಡವುತ್ತಿದ್ದುದನ್ನು ನಾನು ಗಮನಿಸಿದೆ, ಕತ್ತಲಲ್ಲಿ ಇಳಿಯುವವರ ಹಾಗೆ. ಆಗ ಬೆಳಗಿನ ಹೊತ್ತು, ಒಳ್ಳೆಯ ಬೆಳಕಿತ್ತು.

ಸ್ಕ್ಯಾನಿನ ದಿನಕ್ಕೆ ಒಂದು ನಿಯಮವಿತ್ತು. ಹಿಂದಿನ ಸಂಜೆಯಿಂದ ಮಾತ್ರೆ ನಿಲ್ಲಿಸಬೇಕು. ಮಾತ್ರೆಯ ಮುಸುಕಿಲ್ಲದೆ ಮೆದುಳು ಹೇಗಿದೆ ಎಂದು ನೋಡಬೇಕಾದ್ದರಿಂದ. ಮಾತ್ರೆ ಬಿಟ್ಟ ಬೆಳಿಗ್ಗೆ ಕಷ್ಟವಾಗಬಹುದು, ಹಾಸಿಗೆಯಿಂದ ಏಳಲು ಆಗದಿರಬಹುದು, ಜನ ಇರಲಿ ಎಂದು ನಸೀಮಾ ಎಚ್ಚರಿಸಿದ್ದರು. ಶಾಂತಿ ರಜೆ ಹಾಕಿ ಕಾರು ತಂದಿದ್ದಳು. ಎತ್ತಲು ಅನುಕೂಲವಾಗಲೆಂದು ಪ್ಲಾಸ್ಟಿಕ್ ಕುರ್ಚಿಯ ಎರಡೂ ಕೈಗಳಿಗೆ ಹಗ್ಗ ಕಟ್ಟಿದ್ದೆವು. ಪಕ್ಕದ ಮನೆಯ ಇಬ್ಬರಿಗೆ ಹೇಳಿಟ್ಟಿದ್ದೆವು.

ಬೆಳಿಗ್ಗೆ ನಾನು ಇಳಿದು ಬರುವ ಹೊತ್ತಿಗೆ ನಂಜಪ್ಪ ಮುಖ ತೊಳೆದುಕೊಂಡು ಜಗಲಿಯಲ್ಲಿ ಕೂತಿದ್ದರು. ಎಂದಿನ ನಿಧಾನ, ಎಂದಿನ ಗಿಡ್ಡ ಹೆಜ್ಜೆ. ಒಂದು ಕೂದಲಿನಷ್ಟೂ ಹೆಚ್ಚು ಕಮ್ಮಿ ಇಲ್ಲ.

"ತಂಬಿ, ನೋಡಿದ್ರಾ!" ಸರೋಜಕ್ಕ ದೇವರ ಗೂಡಿನಿಂದ ಕರ್ಪೂರದ ತಟ್ಟೆ ಹಿಡಿದೇ ಬಂದರು. "ಮಾತ್ರೆ ಇಲ್ದೇನೇ ಎದ್ದವ್ರೆ! ಯಾರೂ ಹಿಡಿಲಿಲ್ಲ. ಇಷ್ಟು ದಿವಸ ಸುಮ್ ಸುಮ್ನೆ ನುಂಗಿದ್ದು ಅಲ್ವಾ?"

"ಕುರ್ಚಿ ಕಟ್ಟಿದ ಹಗ್ಗ ವೇಸ್ಟು," ಎಂದರು ನಂಜಪ್ಪ. "ಮೇಕೆ ಕಟ್ಟಿ."

ಶಾಂತಿ ನಕ್ಕಳು, ಕಣ್ಣೊರೆಸಿಕೊಂಡಳು. ನಾನು ಆರತಿ ತೆಗೆದುಕೊಂಡೆ. ಸರೋಜಕ್ಕ ಸಂತೋಷದಲ್ಲಿ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಮಾತ್ರೆ ನಿಲ್ಲಿಸಿದರೂ ಏನೂ ಬದಲಾಗಲಿಲ್ಲವೆಂದರೆ, ಅದು ಇಷ್ಟು ದಿನ ಏನನ್ನೂ ಮಾಡುತ್ತಿರಲಿಲ್ಲ. ಮೇಟ್ಟುಪಾಳಯಂ ರಸ್ತೆಯುದ್ದಕ್ಕೂ ಕಾರಿನಲ್ಲಿ ಹಬ್ಬದ ಮಾತುಕತೆ ನಡೆಯಿತು. ನಾನು ವೈಪರ್ ನೋಡುತ್ತ ಕೂತಿದ್ದೆ.

ಯಂತ್ರದ ಕೋಣೆಯ ತಂತ್ರಜ್ಞ ಆರೋಕ್ಯಸಾಮಿ ಮಾತು ಕಡಿಮೆಯ, ಶಿಸ್ತಿನ ಮನುಷ್ಯ. ನಂಜಪ್ಪನವರ ತಲೆಯನ್ನು ಪಂಜರದಂಥ ಚೌಕಟ್ಟಿನಲ್ಲಿ ಇಟ್ಟು, ಪಕ್ಕಕ್ಕೆ ಮೆತ್ತೆ ತುರುಕಿ, "ಅಯ್ಯಾ, ತಲೆ ಆಡಿಸಬಾರದು. ಕೂದಲಷ್ಟು ಆಡಿದರೂ ಪಟ ಹಾಳು," ಎಂದು ತಮಿಳಿನಲ್ಲಿ ಹೇಳಿ ಹೊರಬಂದರು. ನಾವು ಗಾಜಿನ ಈಚೆ ನಿಂತೆವು. ಯಂತ್ರ ಶುರುವಾಯಿತು. ಟಕ ಟಕ ಟಕ ಎಂಬ ಒಂದೇ ಸಮನೆಯ ಬಡಿತ ಗೋಡೆ ದಾಟಿ ಬಂತು. ಸರೋಜಕ್ಕ ನನ್ನ ಕಡೆ ತಿರುಗಿದರು. "ನಮ್ಮ ತರಿ ಸದ್ದೇ," ಎಂದರು. ಅವರ ಭುಜ ಇಳಿಯಿತು. ನಂಜಪ್ಪ ಕಲ್ಲಿನ ಹಾಗೆ ಮಲಗಿದ್ದರು. ಬಡಿತ ನಡೆಯುತ್ತಿರುವವರೆಗೆ ಅಷ್ಟು ಒಳ್ಳೆಯ ರೋಗಿಯನ್ನು ತಾನು ನೋಡಿಲ್ಲ ಎಂದು ಆರೋಕ್ಯಸಾಮಿಯೂ ಒಪ್ಪಿಕೊಂಡರು.

ಆದರೆ ಆ ಯಂತ್ರ ಒಂದು ಬಗೆಯ ಚಿತ್ರ ಮುಗಿಸಿ ಇನ್ನೊಂದಕ್ಕೆ ಹೊರಳುವಾಗ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಸದ್ದು ನಿಂತಿತು. ನಿಂತ ಕ್ಷಣಕ್ಕೆ, ಚೌಕಟ್ಟಿನೊಳಗೆ ಮೆತ್ತೆಗಳ ನಡುವೆ, ನಂಜಪ್ಪನವರ ತಲೆ ಸಟಕ್ಕನೆ ಮೇಲೆದ್ದಿತು.

ಆರೋಕ್ಯಸಾಮಿ ಒಳಗೆ ಹೋಗಿ ಸರಿಪಡಿಸಿ ಬಂದರು. ಮತ್ತೆ ಬಡಿತ, ಮತ್ತೆ ಮೌನ, ಮತ್ತೆ ತಲೆ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಹೊಂದಾಣಿಕೆಯೇ ಇಲ್ಲದಂತಾಯಿತು. ಕೊನೆಗೆ ಅವರು ಮೈಕಿನಲ್ಲಿ ಗದರಿದರು. "ಅಯ್ಯಾ, ಸದ್ದು ನಿಂತಾಗಲೂ ಆಡಬಾರದು!"

"ನಾನು ಆಡ್ತಾ ಇಲ್ಲ," ಎಂದಿತು ಸಣ್ಣ ದನಿ. "ತರಿ ನಿಂತೋಯ್ತಲ್ಲ, ನೋಡ್ದೆ."

ಸರೋಜಕ್ಕ ಬಾಯಿಗೆ ಸೆರಗು ಒತ್ತಿ ನಕ್ಕರು. ನಸೀಮಾ ನಗಲಿಲ್ಲ. ಮೈಕನ್ನು ತಮ್ಮ ಕಡೆ ಎಳೆದುಕೊಂಡು ಕೇಳಿದರು: "ನಂಜಪ್ಪನವರೇ, ಎಲ್ಲಿಗೆ ನೋಡಿದಿರಿ?"

"ಕಾಲಿನ ಕಡೆ. ಬಾಗಿಲು ಅಲ್ಲಿ ತಾನೇ ಇರೋದು?"

"ಬರೀ ಕಣ್ಣು ಕೆಳಗೆ ಇಳಿಸಿದರೆ ಕಾಣಲ್ವಾ? ತಲೆ ಯಾಕೆ ಎತ್ತಿದಿರಿ?"

ಒಳಗಿನಿಂದ ಮತ್ತೆ ಅದೇ ಸಣ್ಣ ದನಿ.

"ಕಣ್ಣು ಹೋಗಲ್ಲ ಅಮ್ಮಣಿ. ಆಡಿ ತಿಂಗಳಿಂದಾನೇ. ತಲೆ ಕೊಟ್ರೆ ಹೋಗ್ತದೆ."

ಆಷಾಢದಿಂದ ಈವರೆಗೆ ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಸರೋಜಕ್ಕನ ನಗು ಸೆರಗಿನ ಹಿಂದೆ ಎಲ್ಲಿ ನಿಂತಿತೋ ನನಗೆ ಕಾಣಲಿಲ್ಲ. ನಸೀಮಾ ಮೈಕು ಆರಿಸಿ ಪರದೆಯ ಕಡೆ ತಿರುಗಿಕೊಂಡರು. ಆ ದಿನದ ಚಿತ್ರಗಳು ಯಾವುದಕ್ಕೂ ಬರುವಂತಿರಲಿಲ್ಲ. ಇನ್ನೊಮ್ಮೆ ಬರಬೇಕಾಯಿತು.

ಯಂತ್ರ ಮತ್ತೆ ಸಿಗುವವರೆಗಿನ ದಿನಗಳಲ್ಲಿ ಸರೋಜಕ್ಕ ಗಂಡನ ಕಣ್ಣನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆಂದು ತಿಳಿದು ನಂಜಪ್ಪ ಗೋಡೆ ನೋಡುತ್ತಿದ್ದರು. ನಾನು ಒಬ್ಬನೇ ಇದ್ದಾಗ ಕನ್ನಡಿಯ ಮುಂದೆ ನಿಂತು ನನ್ನ ಕಣ್ಣನ್ನು ಮೇಲೆ ಕೆಳಗೆ ಆಡಿಸಿ ನೋಡಿಕೊಂಡೆ. ಕಾಂಪೌಂಡಿನ ದಾಸವಾಳಕ್ಕೆ ಬರುತ್ತಿದ್ದ ಸೂರಕ್ಕಿಗಳ ಕಡೆ ನೋಡುವುದನ್ನು ಬಿಟ್ಟಿದ್ದೆ. ಹಕ್ಕಿಗೆ ಹೆದರುವುದು ಮೂರ್ಖತನ ಎಂದು ಗೊತ್ತಿತ್ತು.

ಎರಡನೆಯ ಸಲಕ್ಕೆ ಉಪಾಯ ಹೂಡಿದ್ದು ಸರೋಜಕ್ಕನೇ. ತಲೆಯ ಚೌಕಟ್ಟಿನ ಮೇಲೆ ಬೇಕಾದಾಗ ಒಂದು ಓರೆ ಕನ್ನಡಿ ಸಿಕ್ಕಿಸಬಹುದು. ಮಲಗಿದವರಿಗೆ ಕಾಲಿನ ಕಡೆಯ ಬಾಗಿಲು ಅದರಲ್ಲಿ ನೇರವಾಗಿ ಕಣ್ಣೆದುರಿಗೇ ಕಾಣುತ್ತದೆ. "ನಾನು ಅಲ್ಲಿ ನಿಂತ್ಕತೀನಿ," ಎಂದರು. "ಶೆಡ್ಡಲ್ಲಿ ಮಾತು ಕೇಳಿಸಲ್ಲ ಅಲ್ವಾ, ಕೈಯಲ್ಲೇ ಹೇಳೋದು ನಾವು." ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಮೆಲ್ಲಗೆ ಒತ್ತಿ ತೋರಿಸಿದರು. ನೀನು ಬರಬೇಡ, ಆ ಮಗ್ಗ ನಾನು ನೋಡಿಕೊಳ್ಳುತ್ತೇನೆ ಎಂದು ಅದರರ್ಥ.

ನಸೀಮಾ ಒಪ್ಪಿದರು. ಆರೋಕ್ಯಸಾಮಿ ಒಂದೇ ಷರತ್ತು ಹಾಕಿದರು. ಯಂತ್ರದ ಕೋಣೆಗೆ ಲೋಹದ ಚೂರೂ ಹೋಗುವಂತಿಲ್ಲ. ಬಳೆ, ಓಲೆ, ಕಾಲುಂಗುರ ಎಲ್ಲ ತೆಗೆದಾಯಿತು. ತಾಳಿಯ ಸರಕ್ಕೆ ಕೈ ಹೋದಾಗ ಸರೋಜಕ್ಕ ನಿಂತುಬಿಟ್ಟರು. ಗಂಡ ಮಲಗಬೇಕಾದ ಕೋಣೆಯ ಹೊರಗೆ ಕತ್ತಿನಿಂದ ತಾಳಿ ತೆಗೆಯುವುದು. ಶಾಂತಿ ಗೋಡೆಯ ಕಡೆ ತಿರುಗಿಕೊಂಡಳು.

ಅದಕ್ಕೂ ಅವರು ಸಿದ್ಧವಾಗಿ ಬಂದಿದ್ದರು. ಕೈಚೀಲದಿಂದ ಅರಿಸಿನ ಹಚ್ಚಿದ ಹತ್ತಿ ದಾರ ತೆಗೆದರು. ಅದರ ನಡುವೆ ಒಂದು ಅರಿಸಿನದ ಕೊಂಬು ಕಟ್ಟಿತ್ತು. ಅಲ್ಲಿಯ ಹೆಂಗಸರು ಬಂಗಾರದ ತಾಳಿ ತೆಗೆಯಲೇಬೇಕಾಗಿ ಬಂದಾಗ ಕತ್ತು ಬರಿದಾಗದಂತೆ ಇದನ್ನು ಕಟ್ಟಿಕೊಳ್ಳುತ್ತಾರೆ. ಆದರೆ ತಾವೇ ಕಟ್ಟಿಕೊಳ್ಳುವ ಹಾಗಿಲ್ಲ. ಸರೋಜಕ್ಕ ಗಂಡ ಕೂತಿದ್ದ ಗಾಲಿ ಕುರ್ಚಿಯ ಮುಂದೆ, ಅವರಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು.

"ಏನುಂಗ, ಕಟ್ಟಿ. ಮುಹೂರ್ತ ಮೀರ್ತದೆ."

ನಂಜಪ್ಪ ದಾರ ಹಿಡಿದರು. ಹರಿದ ಎಳೆಗಳಿಗೆ ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದ ಬೆರಳುಗಳು ಆ ದಾರದ ಎರಡು ತುದಿಗಳನ್ನು ಒಂದರ ಮೇಲೊಂದು ತರಲಾರದೆ ಹೋದವು. ತಪ್ಪಿತು. ಮತ್ತೆ ಹಿಡಿದರು. ಆರೋಕ್ಯಸಾಮಿ ಗಡಿಯಾರ ನೋಡಲಿಲ್ಲ. ಶಾಂತಿಯ ಕೈ ಒಮ್ಮೆ ಮುಂದೆ ಬಂದು ಹಿಂದೆ ಸರಿಯಿತು.

"ಎರಡನೇ ಮದುವೆ ಇವ್ರಿಗೆ," ಎಂದರು ಸರೋಜಕ್ಕ, ಮುಂದಿನ ಗೋಡೆಗೆ ಹೇಳುವ ಹಾಗೆ. "ಹುಡುಗಿ ಮಾತ್ರ ಅದೇ."

"ಬೇರೆ ಯಾರೂ ಒಪ್ಪಲಿಲ್ಲ," ಎಂದರು ಹಿಂದಿನಿಂದ ನಂಜಪ್ಪ. ಗಂಟು ಬಿದ್ದಿತ್ತು.

ಗಾಜಿನ ಈಚೆಯಿಂದ ನನಗೆ ಕಾಣುತ್ತಿದ್ದದ್ದು ಸರೋಜಕ್ಕನ ಬೆನ್ನು, ಕುತ್ತಿಗೆಯ ಹಿಂದಿನ ಹಳದಿ ಗಂಟು. ಕಿವಿಗೆ ಹತ್ತಿ ತುರುಕಿಕೊಂಡು ಯಂತ್ರದ ಬಾಯಿಯ ಎದುರು ನಿಂತಿದ್ದರು. ಬಡಿತ ನಿಂತಾಗೆಲ್ಲ ಅವರ ಬಲಗೈ ಮೇಲೆದ್ದು ಗಾಳಿಯನ್ನು ಎರಡು ಸಲ ಒತ್ತುತ್ತಿತ್ತು. ಒಳಗೆ ತಲೆ ಅಲುಗಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಒಮ್ಮೊಮ್ಮೆ ಎದ್ದು ಇಳಿಯುತ್ತಿತ್ತು. ಕೊನೆಯ ಚಿತ್ರ ಮುಗಿದಾಗ ಆರೋಕ್ಯಸಾಮಿ, "ನಲ್ಲಾ ವಂದಿರುಕ್ಕು," ಎಂದರು. ಚೆನ್ನಾಗಿ ಬಂದಿದೆ. ಅವರು ಹೇಳಿದ್ದು ಚಿತ್ರದ ಬಗ್ಗೆ. ಶಾಂತಿ ಅವರಿಗೆ ಕೈ ಮುಗಿದಳು.

ಮಾರ್ಗಳಿ ತಿಂಗಳು ಹತ್ತಿರವಾಗಿ ಮಳೆ ನಿಂತು ಬೆಳಗಿನ ಚಳಿ ಶುರುವಾದಾಗ ನಸೀಮಾ ಕರೆದರು. ಅವರ ಕೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿತ್ತು. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮಾತು ಶುರುವಾಗುವ ಮೊದಲೇ ನಾನು ಅದನ್ನು ಕಂಡೆ. ಬೂದುಬಣ್ಣದ ತಲೆಯೊಂದರ ನಟ್ಟ ನಡುವೆ, ದುಂಡು ಹೊಟ್ಟೆಯ, ಉದ್ದ ಕೊಕ್ಕಿನ ಸಣ್ಣ ಹಕ್ಕಿ. ಅವರು ಹೇಳಿದ್ದು ಸರಿ, ಒಮ್ಮೆ ನೋಡಿದರೆ ಮರೆಯುವುದಿಲ್ಲ.

"ಚಿತ್ರ ಒಂದನ್ನೇ ನೋಡಿ ನಾನು ಹೇಳ್ತಿಲ್ಲ," ಎಂದರು ನಸೀಮಾ. "ಬೀಳೋದು, ಕಣ್ಣು, ಮಾತ್ರೆ ಕೆಲಸ ಮಾಡದೆ ಇದ್ದದ್ದು, ವಾಸನೆ ಉಳಿದಿರೋದು, ಎಲ್ಲ ಸೇರಿಸಿ ನೋಡಿದೆ. ಇದು ಎರಡನೆಯದು ನಂಜಪ್ಪನವರೇ."

ಸರೋಜಕ್ಕ ಕೇಳಿದ್ದು ಒಂದೇ. "ವಾಸನೆ ಇರೋದು ಕೆಟ್ಟದ್ದಾ?"

"ಕೆಟ್ಟದ್ದಲ್ಲ ಅಕ್ಕಾ. ಅದೊಂದು ಗುರುತು ಅಷ್ಟೇ."

ಮುಂದೆ ಏನೇನು ಆಗಬಹುದು, ಏನೇನು ಮಾಡಬಹುದು ಎಂದು ನಸೀಮಾ ನಿಧಾನವಾಗಿ ಹೇಳಿದರು. ಶೆಡ್ಡಿಗೆ ಹೋಗುವಂತಿಲ್ಲ. ಒಬ್ಬರೇ ನಡೆಯುವಂತಿಲ್ಲ. ನೀರನ್ನು ಗಂಜಿಯ ಹದಕ್ಕೆ ಮಂದ ಮಾಡಿ ಕುಡಿಯುವ ಕಾಲ ಬರಬಹುದು. ಕಣ್ಣು ಪೂರ್ತಿ ಕೆಳಗೆ ಹೋಗದ ಹಾಗೆ ಆಗಬಹುದು.

"ಕೆಳಗೆ ಹೋಗಲ್ಲ ಅಂದ್ರೆ," ಎಂದರು ನಂಜಪ್ಪ, "ತಟ್ಟೆ ಕಾಣಲ್ವಾ?"

"ತಟ್ಟೆಯನ್ನೇ ಎತ್ತರಕ್ಕೆ ಇಟ್ಟರೆ ಕಾಣುತ್ತೆ," ಎಂದರು ನಸೀಮಾ.

ಮನೆಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಸರೋಜಕ್ಕ ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದರು. ಬೆಳಿಗ್ಗೆಯೇ ಮಾಡಿಟ್ಟಿದ್ದ ಅನ್ನ, ರಸ ಬಿಸಿ ಮಾಡಿದರು. ಶಾಂತಿ ಎಲ್ಲರಿಗೂ ತಟ್ಟೆ ಹಾಕಿದಳು. ನಂಜಪ್ಪ ಊಟದ ಮೇಜಿಗೆ ಬಂದು ಕೂರುವ ಹೊತ್ತಿಗೆ, ಸರೋಜಕ್ಕ ಶೆಡ್ಡಿನಿಂದ ನೂಲು ಸುತ್ತಿದ ಕಂಡಿಕೆಗಳನ್ನಿಡುವ ಖಾಲಿ ಮರದ ಪೆಟ್ಟಿಗೆಯೊಂದನ್ನು ತಂದು ಬೋರಲು ಹಾಕಿ ಒರೆಸಿ, ಅದರ ಮೇಲೆ ಅವರ ತಟ್ಟೆ ಇಟ್ಟಿದ್ದರು. ತಟ್ಟೆ ಅವರ ಗಲ್ಲದ ಮಟ್ಟಕ್ಕೆ ಬಂದಿತ್ತು.

ನಂಜಪ್ಪ ಅದನ್ನು ನೋಡಿದರು. ಅದನ್ನು ನೋಡಲು ಅವರು ಕಣ್ಣನ್ನು ಇಳಿಸಬೇಕಾಗಿರಲಿಲ್ಲ.

"ಇಳಿಸು," ಎಂದರು.

"ಡಾಕ್ಟ್ರಮ್ಮ ಹೇಳಿದ್ರಲ್ಲ…"

"ಇನ್ನೂ ಬೇಡ ಸರೋಜಾ. ಇಳಿಸು."

ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸರೋಜಕ್ಕ ಪೆಟ್ಟಿಗೆ ತೆಗೆದು ತಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಅನ್ನದ ಮೇಲೆ ರಸ ಹಾಕಿದರು. ನಂಜಪ್ಪ ಹಣೆ ಬಗ್ಗಿಸಿ, ಗಲ್ಲವನ್ನು ಎದೆಗೆ ಒತ್ತಿ, ಕಣ್ಣನ್ನು ಎಳೆದು ತಟ್ಟೆಗೆ ತಂದರು. ತಂದ ಮೇಲೆ ಅಲ್ಲಿಂದ ತೆಗೆಯಲಿಲ್ಲ. ಶಾಂತಿ ಉಪ್ಪು ಬೇಕಾ ಎಂದು ಕೇಳಿದರೂ, ನಾನು ಕುರ್ಚಿ ಸರಿಸಿ ಎದ್ದರೂ ಮೇಲೆ ನೋಡಲಿಲ್ಲ. ಒಂದೊಂದೇ ತುತ್ತನ್ನು ಕಣ್ಣಿನಲ್ಲಿ ಹಿಡಿದು ಬಾಯಿಗೆ ತಂದರು. ಅನ್ನ ಮುಗಿಯಿತು. ಅವರು ತಟ್ಟೆಯನ್ನು ನೋಡುತ್ತಲೇ ಇದ್ದರು.